ಸೈಕೋಸಿಸ್, ಆಘಾತ, ಅದರ ನಂತರದ ಬದುಕು: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯವಳು. 23ನೇ ವಯಸ್ಸಿನಲ್ಲಿ ನನಗೆ ಸೈಕೋಸಿಸ್ ಬಂತು. ಅದಾಗಿ 16 ವರ್ಷ ಆಯಿತು. ಈಗಲೂ ರಾತ್ರಿ ಊಟದ ಮೇಲೆ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ನಮ್ಮೂರಿನ ಆಶಾ ಕಾರ್ಯಕರ್ತೆ ಒಮ್ಮೆ ಪಕ್ಕದ ಊರಿನ ಒಬ್ಬ ತಾಯಿಯನ್ನು ಮನೆಗೆ ಕರೆದುಕೊಂಡು ಬಂದರು. ಅವರ ಮಗನಿಗೂ ನನ್ನ ಥರವೇ ಆಗಿತ್ತು. ಅವತ್ತಿನಿಂದ ಹೀಗೆ ಬರುವವರು, ಫೋನ್ ಮಾಡುವವರು ಜಾಸ್ತಿಯಾದರು. ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ನಾನು ಕೊಡುವ ಉತ್ತರಗಳು ಇವು. ನಾನು ಡಾಕ್ಟರ್ ಅಲ್ಲ. ಓದಿ ತಿಳಿದದ್ದು ಯಾವುದು, ಅನುಭವಿಸಿ ತಿಳಿದದ್ದು ಯಾವುದು ಅಂತ ಆಯಾ ಜಾಗದಲ್ಲೇ ಹೇಳುತ್ತೇನೆ.

ಸೈಕೋಸಿಸ್ ಅಂದರೆ ಏನು? ಹುಚ್ಚು ಅನ್ನೋದು ಇದಕ್ಕೇನಾ?

ಹುಚ್ಚು ಅನ್ನುವ ಪದ ನಾನು ಬಳಸುವುದಿಲ್ಲ. ಅದು ಎಲ್ಲಿ ಚುಚ್ಚುತ್ತದೆ ಅಂತ ನನಗೆ ಗೊತ್ತು. ನಿಜವಾಗಿ ಇರುವುದು ಯಾವುದು, ಮನಸ್ಸು ತಾನೇ ಕಟ್ಟಿದ್ದು ಯಾವುದು ಅಂತ ಬೇರೆ ಮಾಡಿ ನೋಡಲು ಆಗದ ಸ್ಥಿತಿಗೆ ಸೈಕೋಸಿಸ್ ಅನ್ನುತ್ತಾರೆ. ಯಾರೂ ಇಲ್ಲದಾಗ ದನಿ ಕೇಳುತ್ತದೆ. ಊರವರೆಲ್ಲ ಸೇರಿ ಸಂಚು ಮಾಡುತ್ತಿದ್ದಾರೆ ಅಂತ ಗಟ್ಟಿಯಾಗಿ ಅನ್ನಿಸುತ್ತದೆ, ಎಷ್ಟು ಹೇಳಿದರೂ ಆ ನಂಬಿಕೆ ಅಲುಗುವುದಿಲ್ಲ. ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಸ್ಕಿಜೋಫ್ರೀನಿಯಾ ಅನ್ನುವ ದೀರ್ಘಕಾಲದ ಮನಸ್ಸಿನ ಕಾಯಿಲೆಯಲ್ಲಿ ಹೀಗಾಗಬಹುದು. ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ಹೊರಳುವ ಬೈಪೋಲಾರ್ ಕಾಯಿಲೆಯಲ್ಲಿ, ತೀವ್ರ ಖಿನ್ನತೆಯಲ್ಲಿ, ಹೆರಿಗೆ ಆದ ಮೇಲೆ, ಗಾಂಜಾ ಸೇದುವವರಲ್ಲೂ ಆಗಬಹುದು.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೊಡ್ಡವರಲ್ಲಿ ಶೇಕಡಾ 1.4ರಷ್ಟು ಜನರಿಗೆ ಜೀವನದಲ್ಲಿ ಯಾವಾಗಲಾದರೂ ಈ ಬಗೆಯ ಕಾಯಿಲೆ ಬಂದಿರುತ್ತದೆ. ನಿಮ್ಮ ಪಂಚಾಯಿತಿಯ ಜನಸಂಖ್ಯೆ ಹಿಡಿದು ಲೆಕ್ಕ ಹಾಕಿ ನೋಡಿ. ನಿಮ್ಮ ಮನೆ ಒಂದೇ ಅಲ್ಲ.

ನನಗೆ ಶುರುವಾಗಿದ್ದು ಆರಿದ್ರಾ ಮಳೆಯಲ್ಲಿ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನೊಳಗೆ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಗುತ್ತಿತ್ತು. ಮೊದಲ ವಾರ ಸುಮ್ನೆ ಏನೋ ಕೇಳಿಸ್ತು ಅಂದುಕೊಂಡೆ. ಪುನರ್ವಸು ಮಳೆ ಹಿಡಿಯುವ ಹೊತ್ತಿಗೆ ಆ ದನಿ ನಾನು ಮಾಡುವ ಪ್ರತಿ ಕೆಲಸವನ್ನೂ ಹೇಳುತ್ತಿತ್ತು. ಈಗ ಲೋಟ ತೊಳೀತಾಳೆ. ಈಗ ಬಾಗಿಲು ಹಾಕ್ತಾಳೆ. ಹೊರಗೆ ಹೋಗೋಣ ಅಂದರೆ ಬಿಡದ ಮಳೆ. ಮನೆಯೊಳಗೆ ನಾನು, ಆ ದನಿ.

ಕಾಯಿಲೆ ಬಂತು ಸರಿ. ಇದರಲ್ಲಿ ಆಘಾತ ಅನ್ನೋದು ಎಲ್ಲಿ ಬಂತು?

ಆಘಾತ ಅಂದರೆ ಮನಸ್ಸಿಗೆ ಬಿದ್ದ, ಬೇಗ ಮಾಯದ ಪೆಟ್ಟು. ಅದು ಮೂರು ಕಡೆಯಿಂದ ಬರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆಯವರು ಸಾಮಾನ್ಯವಾಗಿ ಒಂದನ್ನು ಮಾತ್ರ ನೋಡುತ್ತಾರೆ.

ಮೊದಲನೆಯದು ಕಾಯಿಲೆಗಿಂತ ಹಿಂದಿನದು. ಚಿಕ್ಕಂದಿನಲ್ಲಿ ಹೊಡೆತ ತಿಂದವರು, ಲೈಂಗಿಕ ದೌರ್ಜನ್ಯ ಅನುಭವಿಸಿದವರು, ಹೆತ್ತವರ ಆರೈಕೆ ಸಿಗದೆ ಬೆಳೆದವರು ನಮ್ಮಲ್ಲಿ ಕಡಿಮೆ ಇಲ್ಲ. ಅಲ್ಲಿಯವರೆಗೆ ನಡೆದಿದ್ದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2012ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಇಂಥ ಕಷ್ಟ ಕಂಡವರಲ್ಲಿ ಸೈಕೋಸಿಸ್ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು ಹತ್ತಿರ ಜಾಸ್ತಿ ಅಂತ ಅದರಲ್ಲಿ ಕಂಡಿತು. ಇದನ್ನು ಓದಿ ಎಲ್ಲ ತಂದೆತಾಯಿ ತಮ್ಮದೇ ತಪ್ಪು ಅಂತ ಕೂರಬೇಡಿ. ಬಾಲ್ಯ ಚೆನ್ನಾಗಿದ್ದವರಿಗೂ ಈ ಕಾಯಿಲೆ ಬರುತ್ತದೆ. ನನ್ನ ಬಾಲ್ಯ ಚೆನ್ನಾಗಿಯೇ ಇತ್ತು.

ಎರಡನೆಯದು ಸೈಕೋಸಿಸ್ಸೇ. ನಿಮ್ಮ ಅಪ್ಪಯ್ಯನೇ ಅನ್ನಕ್ಕೆ ವಿಷ ಹಾಕುತ್ತಿದ್ದಾರೆ ಅಂತ ನಿಮಗೆ ಖಾತ್ರಿಯಾಗಿ ಗೊತ್ತು ಅಂದುಕೊಳ್ಳಿ. ಆ ಭಯ ಸುಳ್ಳಿಗೆ ಹುಟ್ಟಿದ್ದಿರಬಹುದು, ಆದರೆ ಭಯ ನಿಜ. ಎದೆ ಹೊಡೆದುಕೊಂಡಿದ್ದು ನಿಜ. ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದು ನಿಜ. ಕಾಯಿಲೆ ಇಳಿದ ಮೇಲೂ ದೇಹ ಅದನ್ನು ಮರೆಯುವುದಿಲ್ಲ.

ಮೂರನೆಯದು ನಮ್ಮನ್ನು ನಡೆಸಿಕೊಂಡ ರೀತಿ. ನನ್ನನ್ನು ಜೀಪಿನಲ್ಲಿ ಹಾಕಿಕೊಂಡು ದೂರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮದುವೆ ಮನೆಗೆ ಅಂತ ಹೇಳಿದ್ದರು. ನಾನು ಸೀರೆ ಉಟ್ಟು, ಜಡೆಗೆ ಹೂ ಮುಡಿದು ಹೊರಟಿದ್ದೆ. ಅಲ್ಲಿ ಕೈ ಕಟ್ಟಿ ಇಂಜೆಕ್ಷನ್ ಕೊಟ್ಟರು. ಯಾಕೆ ಅಂತ ಒಬ್ಬರೂ ನನ್ನ ಮುಖ ನೋಡಿ ಹೇಳಲಿಲ್ಲ. ಚಿಕಿತ್ಸೆ ನನ್ನನ್ನು ಉಳಿಸಿತು, ಅದನ್ನು ಒಪ್ಪುತ್ತೇನೆ. ಆದರೆ ಅದಾದ ಮೇಲೆ ನಾಲ್ಕು ವರ್ಷ ನನಗೆ ಜಡೆಗೆ ಹೂ ಮುಡಿಯಲು ಆಗಲಿಲ್ಲ. ಕೈ ಮೇಲೆತ್ತಿದ ತಕ್ಷಣ ಮೈ ಬೆವರುತ್ತಿತ್ತು.

ಇದೆಲ್ಲ ಆದ ಮೇಲೆ ಊರವರ ಕಣ್ಣು ಬೇರೆ. ಅದರ ಬಗ್ಗೆ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

ಆಘಾತದ ನಂತರದ ಬೆಳವಣಿಗೆ ಅಂತ ಕೇಳಿದೆವು. ಅದೇನು?

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ರಿಚರ್ಡ್ ಟೆಡೆಸ್ಕಿ, ಲಾರೆನ್ಸ್ ಕಾಲ್‌ಹೂನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ದೊಡ್ಡ ಕಷ್ಟ ದಾಟಿದ ಜನರ ಜೊತೆ ಮಾತಾಡುತ್ತಾ ಒಂದು ವಿಷಯ ಗಮನಿಸಿದರು. ನೋವು ಹೋಗಿಲ್ಲ, ಆದರೆ ಕೆಲವರು ಮೊದಲು ಇದ್ದ ಮನುಷ್ಯರಾಗಿ ಉಳಿದಿಲ್ಲ. ಏನೋ ಒಳಗೆ ಬೆಳೆದಿದೆ. ಅದನ್ನು ಅಳೆಯಲು 1996ರಲ್ಲಿ ಅವರು 21 ಅಂಶಗಳ ಒಂದು ಪಟ್ಟಿ ಪ್ರಕಟಿಸಿದರು. ಐದು ಕಡೆ ಬದಲಾವಣೆ ಹುಡುಕುತ್ತದೆ ಅದು: ಜನರ ಜೊತೆಗಿನ ನಂಟು, ಹೊಸ ದಾರಿ ಕಾಣುವುದು, ತನ್ನ ಗಟ್ಟಿತನದ ಅರಿವು, ದೇವರು ಅಥವಾ ಅಧ್ಯಾತ್ಮದ ಕಡೆಗಿನ ನೋಟ, ಬದುಕಿನ ಬೆಲೆ ತಿಳಿಯುವುದು.

ಅವರು ಭೂಕಂಪದ ಹೋಲಿಕೆ ಕೊಡುತ್ತಾರೆ. ಜಗತ್ತು ಹೀಗಿದೆ, ನಾನು ಹೀಗಿದ್ದೇನೆ ಅಂತ ನಂಬಿಕೊಂಡಿದ್ದೆಲ್ಲ ಕುಸಿದು ಬೀಳುತ್ತದೆ. ಮತ್ತೆ ಕಟ್ಟುವಾಗ ಜನ ಬೇರೆ ರೀತಿ ಕಟ್ಟುತ್ತಾರೆ. ಬೆಳವಣಿಗೆ ಆಗುವುದು ಈ ಕಟ್ಟುವ ಕೆಲಸದಲ್ಲಿ. ಬಿದ್ದಿದ್ದರಿಂದ ಯಾರೂ ಬೆಳೆಯುವುದಿಲ್ಲ.

ಇದರ ಬಗ್ಗೆ ತಕರಾರೂ ಇದೆ. ನಾನು ಬೆಳೆದಿದ್ದೇನೆ ಅಂತ ಒಬ್ಬರು ಹೇಳಿಕೊಳ್ಳುವುದು, ನಿಜವಾಗಿ ಬೆಳೆದಿರುವುದು, ಎರಡೂ ಒಂದೇ ಅಲ್ಲ ಅಂತ ಹಲವು ಸಂಶೋಧಕರು ಹೇಳುತ್ತಾರೆ. ನ್ಯಾಯವಾದ ಮಾತು. ಅದಕ್ಕೇ ನಾನು ಮನೆಯವರಿಗೆ ಹೇಳುವುದು, ಬಾಯಿ ಮಾತಿಗಿಂತ ದಿನದ ಕೆಲಸ ನೋಡಿ ಅಂತ.

ಇದು ಸೈಕೋಸಿಸ್ ಇದ್ದವರಲ್ಲೂ ಆಗುತ್ತಾ? ನಮ್ಮ ಹುಡುಗ ಸುಮ್ನೆ ಕೂತಿರ್ತಾನೆ.

ಆಗುತ್ತದೆ. ತುಂಬಾ ವರ್ಷ ಈ ಪ್ರಶ್ನೆಯನ್ನು ಹೆಚ್ಚು ಜನ ಕೇಳಲೇ ಇಲ್ಲ. ಕ್ಯಾನ್ಸರ್ ಬಂದವರನ್ನು, ಅಪಘಾತದಲ್ಲಿ ಉಳಿದವರನ್ನು, ಯುದ್ಧ ಕಂಡವರನ್ನು ಕೇಳಿದರು. ನಮ್ಮನ್ನು ಕೇಳುವವರು ಕಡಿಮೆ ಇದ್ದರು. ಆಮೇಲೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಜೆರಾಲ್ಡ್ ಜೋರ್ಡನ್, ಶ್ರೀವಿದ್ಯಾ ಅಯ್ಯರ್ ಮೊದಲಾದವರು ಮೊದಲ ಸಲ ಸೈಕೋಸಿಸ್ ಬಂದವರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಸೇರಿಸಿ 2018ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ಮನೆಯವರ ಜೊತೆ ನಂಟು ಗಟ್ಟಿಯಾಯಿತು ಅಂದವರು ಅದರಲ್ಲಿದ್ದಾರೆ. ತನ್ನನ್ನು ತಾನು ಹೆಚ್ಚು ಅರಿತುಕೊಂಡೆ ಅಂದವರು, ಆರೋಗ್ಯ ನೋಡಿಕೊಳ್ಳಲು ಕಲಿತೆ ಅಂದವರು ಇದ್ದಾರೆ. ನಷ್ಟದ ಮಾತೂ ಅದೇ ಜನರ ಬಾಯಲ್ಲಿ ಇದೆ. ಎರಡೂ ಒಟ್ಟಿಗೇ ಇರುತ್ತವೆ.

ನಾನು ಕಂಡ ಬೆಳವಣಿಗೆ ಹೇಗಿತ್ತು ಅಂತ ಹೇಳುತ್ತೇನೆ.

ಕಾಯಿಲೆ ಬಂದ ಮೇಲೆ ಎರಡು ವರ್ಷ ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ನನ್ನ ಕೈಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕೊಡುತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಅಡಿಕೆ ಸುಲಿಯಲು ಕೂರುವ ಹೊತ್ತಿಗೆ "ನೀನು ಚಾ ಮಾಡು" ಅನ್ನುತ್ತಿದ್ದರು. ಅಡುಗೆಮನೆಯ ಈಳಿಗೆ ಮಣೆಯೂ ಅಟ್ಟ ಸೇರಿತ್ತು. ಹೆದರಿದ್ದರು ಪಾಪ, ನನಗೆ ಅರ್ಥವಾಗುತ್ತಿತ್ತು. ಅರ್ಥವಾಗುವುದರಿಂದ ನೋವು ಕಡಿಮೆ ಆಗುವುದಿಲ್ಲ.

ಮೂರನೇ ವರ್ಷ ಒಂದು ರಾತ್ರಿ ಆಳುಗಳು ಕಡಿಮೆ ಬಂದಿದ್ದರು. ಕೊಯ್ದ ಅಡಿಕೆ ರಾಶಿ ಬಿದ್ದಿತ್ತು. ದೊಡ್ಡಮ್ಮ ತನ್ನ ಪಕ್ಕ ಇದ್ದ ಇನ್ನೊಂದು ಮೆಟ್ಟುಗತ್ತಿಯನ್ನು ನನ್ನ ಕಡೆ ಸರಿಸಿ, "ಬಾ, ಈ ಕಡೆ ರಾಶಿ ನಿಂದು" ಅಂದರು. ಅಷ್ಟೇ ಮಾತು. ಅಮ್ಮ ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ತನ್ನ ಕೆಲಸ ನೋಡಿಕೊಂಡರು. ನಾನು ಕೂತೆ. ಮಾತ್ರೆಯಿಂದ ಕೈ ಸಣ್ಣಗೆ ನಡುಗುತ್ತಿತ್ತು. ದನಿ "ಕೈ ಕುಯ್ಕೊಳ್ತಾಳೆ, ಕುಯ್ಕೊಳ್ತಾಳೆ" ಅನ್ನುತ್ತಲೇ ಇತ್ತು. ಕುಯ್ದುಕೊಳ್ಳಲಿಲ್ಲ. ರಾತ್ರಿ 11ರ ಹೊತ್ತಿಗೆ ನನ್ನ ಡಬ್ಬ ತುಂಬಿತ್ತು. ಬೆಳಿಗ್ಗೆ ನೋಡಿದರೆ ಬೆರಳೆಲ್ಲ ಅಡಿಕೆ ಕಲೆ ಹಿಡಿದು ಕಪ್ಪು. ಸೋಪು ಹಾಕಿ ತಿಕ್ಕಲೇ ಇಲ್ಲ, ಎರಡು ದಿನ ಹಾಗೇ ಇಟ್ಟುಕೊಂಡೆ.

ಅವತ್ತು ದನಿ ನಿಂತಿರಲಿಲ್ಲ ಅನ್ನುವುದನ್ನು ಗಮನಿಸಿ. ದನಿ ಇದ್ದಾಗಲೇ ಡಬ್ಬ ತುಂಬಿತು. ಪೂರ್ತಿ ಹುಷಾರಾದ ಮೇಲೆ ಬದುಕು ಶುರು ಮಾಡೋಣ ಅಂತ ಕಾಯುತ್ತಾ ಕೂತ ಮನೆಗಳನ್ನು ನಾನು ನೋಡಿದ್ದೇನೆ. ಹಾಗೆ ಕಾಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಸುಮ್ನೆ ಕೂತ ನಿಮ್ಮ ಹುಡುಗನಿಗೆ ಇವತ್ತು ಒಂದು ಸಣ್ಣ ಕೆಲಸ ಕೊಡಿ. ಒಲೆಗೆ ಸೌದೆ ತರುವುದಾದರೂ ಸರಿ. ಆ ಕೆಲಸ ಅವನದೇ ಆಗಿರಲಿ, ಅವನು ಮಾಡದಿದ್ದರೆ ಮನೆಗೆ ತೊಂದರೆ ಆಗುವಂಥದ್ದಾಗಿರಲಿ.

ಇನ್ನೊಂದು ಮಾತು. ಸುಮ್ನೆ ಕೂರುವುದು ಸೋಮಾರಿತನ ಅಂತ ಬೈಯಬೇಡಿ. ಆಸಕ್ತಿ ಬತ್ತಿ ಹೋಗುವುದು, ಮಾತು ಕಡಿಮೆಯಾಗುವುದು ಕೂಡ ಕಾಯಿಲೆಯ ಲಕ್ಷಣಗಳೇ. ಕೆಲವರಿಗೆ ಮಾತ್ರೆಯ ಮಂಪರೂ ಸೇರಿಕೊಳ್ಳುತ್ತದೆ.

ಹಾಗಾದರೆ ಕಾಯಿಲೆ ಬಂದಿದ್ದು ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಅನ್ನಬಹುದಾ?

ಇಲ್ಲ. ನನ್ನ ಓದು ನಿಂತಿತು. ಗೊತ್ತಾಗಿದ್ದ ಮದುವೆ ಮುರಿಯಿತು. ಸ್ನೇಹಿತೆಯರು ದೂರ ಆದರು. ಇವ್ಯಾವುವೂ ಒಳ್ಳೆಯದಲ್ಲ, ಆಗಬಾರದಿತ್ತು. "ದೇವರು ಏನೇ ಮಾಡಿದ್ರೂ ಒಳ್ಳೇದಕ್ಕೇ" ಅಂತ ಯಾರಾದರೂ ಸಮಾಧಾನ ಹೇಳಲು ಬಂದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಆಮೇಲೆ ನಾನೇ ಕಲಿತಿದ್ದು ನನ್ನದು, ದೊಡ್ಡಮ್ಮ ಮಾಡಿದ್ದು ದೊಡ್ಡಮ್ಮನದು. ಆ ಪುಣ್ಯವನ್ನು ಕಾಯಿಲೆಯ ಖಾತೆಗೆ ಹಾಕಬೇಡಿ.

ಬೆಳವಣಿಗೆ ಗಿಳವಣಿಗೆ ಏನೂ ಕಾಣಿಸ್ತಿಲ್ಲ ನನಗೆ. ನಾನು ಸೋತೆನಾ?

ಒಬ್ಬ ಹುಡುಗಿ ಫೋನಿನಲ್ಲಿ ಅಳುತ್ತಾ ಇದನ್ನು ಕೇಳಿದಳು. ಇಲ್ಲ ಕಣಮ್ಮ. ಬೆಳಿಗ್ಗೆ ಎದ್ದಿದ್ದೀಯ, ಮಾತ್ರೆ ನುಂಗಿದ್ದೀಯ, ಫೋನ್ ಮಾಡಿದ್ದೀಯ. ಇದು ಯಾರೂ ಇಟ್ಟ ಪರೀಕ್ಷೆ ಅಲ್ಲ. ಎಷ್ಟೋ ಜನರಿಗೆ ನೆಮ್ಮದಿಯಾಗಿ ನಿದ್ದೆ ಬಂದರೆ ಸಾಕಾಗಿರುತ್ತದೆ, ಅದೇ ದೊಡ್ಡದು.

ಹುಷಾರಾಗಿದ್ದಾನೆ. ಇನ್ನು ಮಾತ್ರೆ ಯಾಕೆ? ಮಾತ್ರೆ ಬಿಟ್ಟರೆ ಮನಸ್ಸು ಗಟ್ಟಿಯಾಗಲ್ವಾ?

ಈ ಒಂದು ಪ್ರಶ್ನೆಗೆ ನಾನು ಖಡಾಖಂಡಿತವಾಗಿ ಉತ್ತರ ಹೇಳುತ್ತೇನೆ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ನಾನು ಎರಡು ಸಲ ನಿಲ್ಲಿಸಿದೆ, ಎರಡು ಸಲವೂ ಕಾಯಿಲೆ ಮರಳಿತು, ಎರಡನೇ ಸಲ ಮೊದಲಿಗಿಂತ ಜೋರಾಗಿ. ಮೊದಲ ಸಲ ಕಾಯಿಲೆ ಬಂದು ವಾಸಿಯಾದವರನ್ನು ಐದು ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಅದರಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಜನರಿಗೆ ಮತ್ತೆ ಕಾಯಿಲೆ ಬಂದಿತ್ತು. ಔಷಧಿ ಬಿಟ್ಟವರಲ್ಲಿ ಮರಳುವ ಸಾಧ್ಯತೆ ಸುಮಾರು ಐದು ಪಟ್ಟು ಇತ್ತು.

ದೂರದ ಲೆಕ್ಕ ಬೇಡ ಅಂದರೆ ನಮ್ಮ ತಾಲ್ಲೂಕಿನದೇ ಇದೆ. ನಿಮ್ಹಾನ್ಸ್ ವೈದ್ಯರು ತೀರ್ಥಹಳ್ಳಿಯಲ್ಲಿ ವರ್ಷಗಟ್ಟಲೆ ಹಳ್ಳಿ ಹಳ್ಳಿ ತಿರುಗಿ ಸ್ಕಿಜೋಫ್ರೀನಿಯಾ ಇದ್ದವರನ್ನು ಹುಡುಕಿ ಚಿಕಿತ್ಸೆ ಕೊಡುವ ಕೆಲಸ ಮಾಡಿದ್ದಾರೆ. ಡಾ. ಜಗದೀಶ ತೀರ್ಥಹಳ್ಳಿ, ಡಾ. ಬಿ.ಎನ್. ಗಂಗಾಧರ್ ಅವರ ತಂಡ ಅದು. ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು 215 ಜನ ಸಿಕ್ಕಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಔಷಧಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ವರ್ಷ ಬಿಟ್ಟು ನೋಡಿದಾಗ ಔಷಧಿ ಇಲ್ಲದವರ ಸ್ಥಿತಿ ಹೆಚ್ಚು ಕಡಿಮೆ ಇದ್ದ ಹಾಗೇ ಇತ್ತು. ತೆಗೆದುಕೊಂಡವರಲ್ಲಿ, ಹೊಸದಾಗಿ ಶುರು ಮಾಡಿದವರಲ್ಲೂ, ದಿನದ ಕೆಲಸ ಮಾಡಿಕೊಳ್ಳುವ ಶಕ್ತಿ ಹೆಚ್ಚಿತ್ತು. ಇದು ನಮ್ಮ ನೆರೆಹೊರೆಯವರ ಲೆಕ್ಕ. ನಮ್ಮದೇ ಮಳೆ, ನಮ್ಮದೇ ರಸ್ತೆ, ನಮ್ಮದೇ ಬಡತನದ ನಡುವೆ ಬಂದ ಫಲಿತಾಂಶ.

ಅಡ್ಡ ಪರಿಣಾಮಗಳು ಇವೆ. ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಬರಬಹುದು, ಕೈ ನಡುಗಬಹುದು, ಮುಟ್ಟು ಏರುಪೇರಾಗಬಹುದು, ಕೆಲವರಿಗೆ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಇದನ್ನು ಸಹಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ಹೇಳಿ. ಡೋಸ್ ಇಳಿಸಬಹುದು, ಔಷಧಿ ಬದಲಿಸಬಹುದು. ನನ್ನ ಕೈ ನಡುಕ ಔಷಧಿ ಬದಲಾದ ಮೇಲೆ ನಿಂತಿತು. ಮುಂಚೆಯೇ ಬಾಯಿ ಬಿಟ್ಟು ಹೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಮಾಟ ಅಂತಾರೆ, ಚೌಡಿ ಕಾಟ ಅಂತಾರೆ. ನಿಮಿತ್ತ ಕೇಳಿದ್ದೇವೆ. ಅದು ತಪ್ಪಾ?

ನಮ್ಮ ಮನೆಯಲ್ಲೂ ಕೇಳಿದ್ದರು. ಬನದಲ್ಲಿ ಪೂಜೆ ಆಯಿತು, ತಾಯತ ಕಟ್ಟಿದರು, ಸಿಗಂದೂರಿಗೆ ಹರಕೆ ಹೊತ್ತರು. ಅಮ್ಮನ ಭಕ್ತಿಯನ್ನು ನಾನು ತಪ್ಪು ಅನ್ನುವುದಿಲ್ಲ. ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟುವಾಗ ಅಮ್ಮ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಆ ಕೈಯ ಬಿಸಿ ಇನ್ನೂ ನೆನಪಿದೆ, ಅದು ನನಗೆ ಬೇಕಿತ್ತು. ತಪ್ಪಾಗಿದ್ದು ಡಾಕ್ಟರ್ ಹತ್ತಿರ ಹೋಗುವುದನ್ನು ಏಳು ತಿಂಗಳು ಮುಂದೂಡಿದ್ದು. ಚಿಕಿತ್ಸೆ ಇಲ್ಲದೆ ಕಳೆಯುವ ದಿನ ಹೆಚ್ಚಾದಷ್ಟೂ ಹುಷಾರಾಗುವುದು ಕಷ್ಟವಾಗುತ್ತದೆ. ಇದನ್ನು ದೇಶ ದೇಶಗಳ ಅಧ್ಯಯನಗಳು ಹೇಳಿವೆ. ಪೂಜೆ ಮಾಡಿಸಿ, ಅದೇ ವಾರ ಆಸ್ಪತ್ರೆಗೂ ಹೋಗಿ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಕಟ್ಟಿ ಹಾಕುವುದು ಮಾಡುವ ಜಾಗಕ್ಕೆ ಮಾತ್ರ ಯಾರು ಹೇಳಿದರೂ ಹೋಗಬೇಡಿ.

ನಂಬಿಕೆ, ಸಂಸ್ಕೃತಿ ಕಾಯಿಲೆಯ ಒಳಗೂ ಸೇರಿಕೊಂಡಿರುತ್ತವೆ. ಚೆನ್ನೈ, ಘಾನಾದ ಅಕ್ರಾ, ಅಮೆರಿಕದ ಕ್ಯಾಲಿಫೋರ್ನಿಯಾ, ಈ ಮೂರು ಕಡೆ ದನಿ ಕೇಳುವ ತಲಾ 20 ಜನರನ್ನು ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ತಂಡ ಮಾತಾಡಿಸಿತು. ಅಮೆರಿಕದವರಿಗೆ ಹೆಚ್ಚಾಗಿ ಅಪರಿಚಿತರ ಕ್ರೂರ ದನಿ. ಚೆನ್ನೈನಲ್ಲಿ ಹಲವರಿಗೆ ಮನೆಯವರ, ಬಂಧುಗಳ ದನಿ. ಬೈಯುವುದೂ ಇತ್ತು, ಮನೆಗೆಲಸ ಮಾಡು ಅಂತ ಹೇಳುವುದೂ ಇತ್ತು. ಇದನ್ನು ಓದಿದಾಗ ನನಗೆ ಬೆಳಕು ಹರಿದ ಹಾಗಾಯಿತು. ನನ್ನ ದನಿಯೂ ಲೋಟ, ಬಾಗಿಲು ಅಂತಲೇ ಮಾತಾಡುತ್ತಿತ್ತಲ್ವಾ. ನಮ್ಮ ಬದುಕಿನೊಳಗಿನದ್ದೇ ಅದು. ಆಮೇಲೆ ಅದರ ಹೆದರಿಕೆ ಸ್ವಲ್ಪ ಇಳಿಯಿತು.

ಮಗಳು ಈಗ ದೇವರ ವಿಷಯ ತುಂಬಾ ಮಾತಾಡ್ತಾಳೆ. ಇದು ಬೆಳವಣಿಗೆಯಾ, ಕಾಯಿಲೆ ಮರಳ್ತಿದೆಯಾ?

ಒಳ್ಳೆಯ ಪ್ರಶ್ನೆ, ಕಷ್ಟದ ಪ್ರಶ್ನೆ. ಅಧ್ಯಾತ್ಮದ ಕಡೆ ಒಲವು ಆ ಐದು ಬೆಳವಣಿಗೆಗಳಲ್ಲಿ ಒಂದು. ಕಾಯಿಲೆ ಮರಳುವಾಗಲೂ ದೇವರ ಮಾತೇ ಮೊದಲು ಬರಬಹುದು. ನಾನು ಮೊದಲು ನಿದ್ದೆ ಕೇಳುತ್ತೇನೆ. ರಾತ್ರಿ ನಿದ್ದೆ ಬರುತ್ತಿದೆಯಾ? ಊಟ, ಸ್ನಾನ ಸರಿಯಾಗಿ ನಡೆದಿದೆಯಾ? ದೇವರ ಮಾತು ಅವಳನ್ನು ಜನರ ಹತ್ತಿರ ತರುತ್ತಿದೆಯಾ, ಇಲ್ಲಾ ಕೋಣೆಯೊಳಗೆ ಕೂರಿಸುತ್ತಿದೆಯಾ? ನಾನೂ ಎಲ್ಲರ ಹಾಗೆ ದೇವರಿಗೆ ಬೇಕಾದವಳು ಅನ್ನುತ್ತಾಳಾ, ದೇವರು ನನ್ನೊಬ್ಬಳನ್ನೇ ಆರಿಸಿದ್ದಾನೆ ಅನ್ನುತ್ತಾಳಾ? ತಮಾಷೆ ಮಾಡಿದರೆ ನಗುತ್ತಾಳಾ?

ನಿದ್ದೆ ಕೆಟ್ಟು, ಮಾತು ಅವಸರವಾಗಿ, ಮಾತ್ರೆ ಬೇಡ ಅನ್ನಲು ಶುರು ಮಾಡಿದರೆ ಎರಡು ದಿನವೂ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ನಿದ್ದೆ ಚೆನ್ನಾಗಿದ್ದು, ಬೆಳಿಗ್ಗೆ ದೀಪ ಹಚ್ಚಿ ಕೆಲಸಕ್ಕೆ ಹೊರಡುತ್ತಿದ್ದರೆ ಅವಳ ಪಾಡಿಗೆ ಬಿಡಿ. ಪ್ರತಿ ನಗುವಿನಲ್ಲೂ, ಪ್ರತಿ ಕೋಪದಲ್ಲೂ ಕಾಯಿಲೆ ಹುಡುಕುವ ಮನೆಯಲ್ಲಿ ಬದುಕುವುದು ಬಹಳ ಕಷ್ಟ. ಅಂಥ ಮನೆಯಲ್ಲಿ ನಾನು ಬದುಕಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಹಳೇದನ್ನು ಮಾತಾಡಿಸಬೇಕಾ? ಕೆದಕಿದರೆ ಜಾಸ್ತಿ ಆಗಲ್ವಾ?

ಒತ್ತಾಯ ಮಾಡಿ ಕೆದಕಬೇಡಿ. ಅವರಾಗಿ ಮಾತು ತೆಗೆದರೆ ಬಾಯಿ ಮುಚ್ಚಿಸಬೇಡಿ. "ಅದನ್ನೆಲ್ಲ ಮರೆತುಬಿಡು" ಅನ್ನುವುದು ಪ್ರೀತಿಯ ಮಾತು ಅಂತ ಹೇಳುವವರಿಗೆ ಅನ್ನಿಸುತ್ತದೆ, ಕೇಳುವವರಿಗೆ ಬಾಗಿಲು ಹಾಕಿದ ಹಾಗೆ ಆಗುತ್ತದೆ.

ಸೈಕೋಸಿಸ್ ಇದ್ದವರಿಗೆ ಆಘಾತದ ಚಿಕಿತ್ಸೆ ಕೊಡಬಾರದು, ಕಾಯಿಲೆ ಕೆರಳುತ್ತದೆ ಅಂತ ಮೊದಲು ಹಲವು ವೈದ್ಯರೂ ಹೆದರುತ್ತಿದ್ದರು. ನೆದರ್ಲೆಂಡ್ಸ್‌ನಲ್ಲಿ ಸೈಕೋಸಿಸ್ ಜೊತೆಗೆ ಆಘಾತದ ಕಾಯಿಲೆಯೂ ಇದ್ದ 155 ಜನರ ಮೇಲೆ ನಡೆದ ಅಧ್ಯಯನ 2015ರಲ್ಲಿ ಬಂತು. ಆಘಾತದ ನೆನಪನ್ನು ಹಂತ ಹಂತವಾಗಿ ಎದುರಿಸುವ ಚಿಕಿತ್ಸೆಯನ್ನು ತರಬೇತಿ ಇದ್ದವರು ಕೊಟ್ಟರು. ಆಘಾತದ ತೊಂದರೆ ಇಳಿಯಿತು, ಸೈಕೋಸಿಸ್ ಕೆರಳಲಿಲ್ಲ. ಇದು ತರಬೇತಿ ಇರುವವರ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ಮನೆಯಲ್ಲಿ ನಿಮ್ಮ ಕೈಲಾಗುವುದು ಕೇಳಿಸಿಕೊಳ್ಳುವುದು.

ಅಪ್ಪಯ್ಯ ಎಂಟು ವರ್ಷ ಆದ ಮೇಲೆ ಒಂದು ದಿನ ತೋಟಕ್ಕೆ ಹೋಗುವ ದಾರಿಯಲ್ಲಿ, ಸಂಕ ದಾಟಿ ನಿಂತು, "ಅವತ್ತು ಮದುವೆ ಮನೆ ಅಂತ ಸುಳ್ಳು ಹೇಳಬಾರದಿತ್ತು" ಅಂದರು. ಮತ್ತೇನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರೂ ಮುಂದೆ ನಡೆದೆವು. ಅವತ್ತಿಂದ ನಾನು ಅವರ ಜೊತೆ ಆಸ್ಪತ್ರೆಗೆ ಹೋಗುವುದನ್ನು ಹೆದರದೆ ಒಪ್ಪಿಕೊಂಡೆ.

ಮದುವೆ ಮಾಡಿದರೆ ಸರಿ ಹೋಗ್ತಾರೆ ಅಂತಾರಲ್ಲ?

ಮದುವೆ ಔಷಧಿ ಅಲ್ಲ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಕದ್ದು ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ, ಆಮೇಲೆ ಮಾತ್ರೆಯೇ ನಿಲ್ಲುತ್ತದೆ, ಎರಡು ಮನೆ ಹಾಳಾಗುತ್ತವೆ. ಹೇಳಿ ಮಾಡಿದ ಮದುವೆಗಳು ಚೆನ್ನಾಗಿ ನಡೆದಿರುವುದನ್ನೂ ನಾನು ನೋಡಿದ್ದೇನೆ. ಮಗು ಬೇಕು ಅಂದಾಗ ಮಾತ್ರೆಯ ಬಗ್ಗೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ.

ಎಷ್ಟು ವರ್ಷ ಬೇಕು?

ಲೆಕ್ಕ ಇಲ್ಲ. ನನಗೆ ಮೆಟ್ಟುಗತ್ತಿ ಸಿಗಲು ಮೂರು ವರ್ಷ, ಹೂ ಮುಡಿಯಲು ನಾಲ್ಕು, ಅಪ್ಪಯ್ಯನ ಮಾತಿಗೆ ಎಂಟು. ನಡುವೆ ಹಿಂದೆ ಬಿದ್ದಿದ್ದೂ ಉಂಟು.

ಶಿವಮೊಗ್ಗ ಜಿಲ್ಲೆಯವರು ಎಲ್ಲಿಗೆ ಹೋಗಬೇಕು?

ಈ ಜಿಲ್ಲೆಗೆ ಮನಸ್ಸಿನ ಕಾಯಿಲೆಯ ಮಾತು ಹೊಸದಲ್ಲ. 2016ರಲ್ಲಿ ತೀರಿಕೊಂಡ ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ ಶಿವಮೊಗ್ಗದಲ್ಲೇ ಇದ್ದು, ಕನ್ನಡದಲ್ಲಿ ಬರೆದು, ಸಿನಿಮಾ ಮೂಲಕವೂ ಈ ಮಾತನ್ನು ಜನರ ನಡುವೆ ತಂದರು. ನಮ್ಮ ಅಪ್ಪಯ್ಯನ ತಲೆಮಾರಿಗೆ ಮನೋವೈದ್ಯ ಅನ್ನುವ ಪದ ಪರಿಚಯವಾಗಿದ್ದೇ ಅವರಿಂದ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ನೋಡುವ ವ್ಯವಸ್ಥೆ ಬಂತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯನ್ನೋ ಕೇಳಿಕೊಂಡೇ ಹೊರಡಿ. ಹೊಸನಗರದ ಒಳ ಊರುಗಳಿಂದ ಬಸ್ಸು ಹಿಡಿದು ಬಂದು ಬರಿಗೈಯಲ್ಲಿ ಹೋಗುವುದು ಬೇಡ. ಮಳೆಗಾಲದಲ್ಲಿ ರಸ್ತೆ ಕಟ್ಟಾಗುವ ಊರಿನವರು ಜೂನ್‌ಗೆ ಮುಂಚೆಯೇ ಎರಡು ತಿಂಗಳ ಮಾತ್ರೆ ಬರೆಸಿಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ.

ಟೆಲಿ ಮಾನಸ್ ಅಂತ 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ ಇದೆ. ನಂಬರ್ 14416. ದುಡ್ಡು ಬೇಡ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಸಾಯುವ ಮಾತು ಬಂದರೆ, ಸಾಯಿ ಅಂತ ದನಿ ಹೇಳುತ್ತಿದೆ ಅಂದರೆ, ಅವರನ್ನು ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಗಳನ್ನು ಬೀಗ ಹಾಕಿ ಇಡಿ. ಹತ್ತಿರದ ಆಸ್ಪತ್ರೆಗೆ ತಕ್ಷಣ ಕರೆದುಕೊಂಡು ಹೋಗಿ.

ಕಾನೂನೂ ನಮ್ಮ ಕಡೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಹುಷಾರಾಗಿರುವಾಗಲೇ, ಮುಂದೆ ಕಾಯಿಲೆ ಜೋರಾದರೆ ನನಗೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಕೊಡಬೇಡಿ ಅಂತ ಬರೆದಿಡುವ ಹಕ್ಕನ್ನೂ ಅದು ಕೊಟ್ಟಿದೆ. ನಾನು ನನ್ನದನ್ನು ಬರೆದಿದ್ದೇನೆ. ನನ್ನ ಪರವಾಗಿ ಮಾತಾಡುವವರು ಅಂತ ಅಕ್ಕನ ಹೆಸರು ಹಾಕಿದ್ದೇನೆ. ಮೊದಲ ಸಾಲು: ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀರಿ ಅಂತ ನನಗೆ ನಿಜ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಸಿಕ್ಕರೆ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಅದನ್ನು ಮಾಡಿಸಲು ನಾಚಿಕೆ ಬೇಡ.

ನಿಮಗೆ ಈಗಲೂ ದನಿ ಕೇಳುತ್ತಾ?

ವರ್ಷದಲ್ಲಿ ನಾಲ್ಕಾರು ದಿನ ಕೇಳುತ್ತದೆ. ಹೆಚ್ಚಾಗಿ ಪುಷ್ಯ ಮಳೆ ಜೋರಾಗಿ ಹಿಡಿದಾಗ, ನಿದ್ದೆ ಕಡಿಮೆಯಾದಾಗ. ಮೊದಲು ಮಾತ್ರೆ ಡಬ್ಬಿ ತೆಗೆದು, ನಿನ್ನೆಯದು ನುಂಗಿದ್ದೇನಾ ಅಂತ ನೋಡುತ್ತೇನೆ. ರೇಡಿಯೋ ಹಾಕುತ್ತೇನೆ. ಅಕ್ಕನಿಗೆ ಫೋನ್ ಮಾಡಿ "ಬಂದಿದೆ" ಅನ್ನುತ್ತೇನೆ. ಅವಳು "ಏನಂತೆ ಇವತ್ತು?" ಅಂತ ಕೇಳುತ್ತಾಳೆ, ನೆಂಟರ ವಿಷಯ ಕೇಳುವ ಹಾಗೆ. ಹೇಳುತ್ತೇನೆ. ಮೂರು ದಿನ ಬಿಡದಿದ್ದರೆ ಡಾಕ್ಟರ್ ಹತ್ತಿರ ಹೋಗಬೇಕು ಅಂತ ನಮ್ಮಿಬ್ಬರಲ್ಲಿ ಮಾತಾಗಿದೆ. ಹೋದ ವರ್ಷ ಎರಡನೇ ದಿನಕ್ಕೇ ನಿಂತಿತು. ಅವತ್ತು ಹಲಸಿನ ಹಪ್ಪಳ ಸುಡುತ್ತಿದ್ದೆವು.